ಸಂಚಿಯಿಂದ ಜೇಬಿಗೆ

ಬಟ್ಟೆಯ ಕೆಲಸ ಮೈ ಮುಚ್ಚುವುದಷ್ಟೇ ಅಲ್ಲ; ಮನುಷ್ಯ ಸದಾ ಜೊತೆಗಿರಬೇಕೆಂದು ಬಯಸುವ ವಸ್ತುಗಳನ್ನು ಹೊರುವುದೂ ಅದರ ಕೆಲಸವೇ. ಯಾವ ಕಾಲದವರು ಏನನ್ನು ಹೊತ್ತು ತಿರುಗಿದರು, ಆ ಅನುಕೂಲ ಯಾರಿಗೆ ದಕ್ಕಿತು ಎಂಬುದನ್ನು ಜೇಬಿನ ಚರಿತ್ರೆ ಹೇಳುತ್ತದೆ.

ದಾವಣಗೆರೆ-ಹರಿಹರದ ಸೀಮೆಗೆ ಈ ಚರಿತ್ರೆ ದೂರದ್ದೇನಲ್ಲ. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಬಂತು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಆರಂಭವಾಗಿ ಲೇತ್ ಯಂತ್ರಗಳನ್ನು ತಯಾರಿಸಿತು. ಒಂದು ಊರು ನೂಲಿಗೆ, ಇನ್ನೊಂದು ಯಂತ್ರಕ್ಕೆ ಹೆಸರಾಯಿತು. ಆದರೆ ನೂಲೂ ಯಂತ್ರವೂ ಒಂದೇ ಅಂಗಿಯಲ್ಲಿ ಕೂಡಿದ್ದು ಪರದೇಶಗಳಲ್ಲಿ.

ಜೇಬಿಗಿಂತ ಮೊದಲು ನಮ್ಮಲ್ಲಿ ಇದ್ದದ್ದು ಸಂಚಿ. ಚನ್ನಗಿರಿಯಂಥ ಅಡಿಕೆ ಸೀಮೆಯ ಹಿರಿಯರಿಗೆ ಇದನ್ನು ವಿವರಿಸಬೇಕಿಲ್ಲ. ಎಲೆ, ಅಡಿಕೆ, ಸುಣ್ಣ, ಚಿಲ್ಲರೆ ಕಾಸು ಎಲ್ಲಕ್ಕೂ ಒಳಗೆ ಬೇರೆ ಬೇರೆ ಅರೆಗಳು. ದಾರ ಎಳೆದರೆ ಬಾಯಿ ಮುಚ್ಚಿತು, ಸೊಂಟಕ್ಕೆ ಸಿಕ್ಕಿಸಿದರೆ ಆಯಿತು. ಅರಮನೆಯಲ್ಲಂತೂ ಸಂಚಿ ಹಿಡಿಯುವುದೇ ಒಂದು ಊಳಿಗವಾಗಿತ್ತು. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಆ ಊಳಿಗದಲ್ಲಿದ್ದ ಕವಯಿತ್ರಿ ‘ಸಂಚಿಯ ಹೊನ್ನಮ್ಮ’ ಎಂದೇ ಪ್ರಸಿದ್ಧಳು. ಯುರೋಪಿನ ಹೆಂಗಸರೂ 18ನೆಯ ಶತಮಾನದಲ್ಲಿ ಲಂಗದೊಳಗೆ ಸೊಂಟಕ್ಕೆ ಚೀಲ ಕಟ್ಟಿಕೊಳ್ಳುತ್ತಿದ್ದರು. ಉಡುಪಿಗೇ ಹೊಲಿದ ಚೀಲ ಬಂದಾಗ ನಾವು ಅದನ್ನು ಜೇಬು, ಕಿಸೆ ಎಂದು ಕರೆದೆವು. ಎರಡೂ ಅರಬ್ಬಿ ಮೂಲದ ಮಾತುಗಳು.

ಮುಂದೆ ಜೇಬು ಯಂತ್ರವನ್ನು ಹಿಂಬಾಲಿಸಿತು. 1873ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಲೆವಿ ಸ್ಟ್ರಾಸ್ ಕಂಪನಿಯ ಪ್ಯಾಂಟಿನಲ್ಲಿ ಗಡಿಯಾರಕ್ಕೆಂದೇ ಪುಟ್ಟ ಜೇಬಿತ್ತು. ಗಡಿಯಾರ ಕೈಗೆ ಏರಿ ಎಷ್ಟೋ ಕಾಲವಾದರೂ ಜೀನ್ಸ್‌ನಲ್ಲಿ ಆ ಜೇಬು ಉಳಿದಿದೆ. 1957ರಲ್ಲಿ ಜಪಾನಿನ ಸೋನಿ ಕಂಪನಿ ‘ಜೇಬಿನ ರೇಡಿಯೋ’ ತಂದಾಗ ಅದು ಸಾಮಾನ್ಯ ಅಂಗಿಯ ಜೇಬಿಗಿಂತ ತುಸು ದೊಡ್ಡದಾಯಿತು. ಕಂಪನಿ ರೇಡಿಯೋವನ್ನು ಕಿರಿದಾಗಿಸಲಿಲ್ಲ. ಮಾರಾಟಗಾರರಿಗೆ ದೊಡ್ಡ ಜೇಬಿನ ಅಂಗಿಗಳನ್ನೇ ಹೊಲಿಸಿತು! 2000ದಲ್ಲಿ ಲೆವಿ ಮತ್ತು ಫಿಲಿಪ್ಸ್ ಕಂಪನಿಗಳು ಸೇರಿ ಮೊಬೈಲು, ಸಂಗೀತದ ಯಂತ್ರ ಎರಡನ್ನೂ ಒಳಗೊಂಡ ಜಾಕೆಟ್ ತಂದವು. ಒಗೆಯುವ ಮುನ್ನ ಯಂತ್ರಗಳನ್ನು ಬಿಚ್ಚಿಡಬೇಕಿತ್ತು. ಅದೇ ಸುಮಾರಿಗೆ ಅಮೆರಿಕದ ಸ್ಕಾಟ್ ಜೋರ್ಡನ್ ಸ್ಥಾಪಿಸಿದ ‘ಸ್ಕಾಟಿವೆಸ್ಟ್’ ಕಂಪನಿ ಯಂತ್ರಗಳಿಗೆ ಹತ್ತಾರು ಜೇಬುಗಳನ್ನೂ ವೈರು ಹಾಯಿಸಲು ಒಳದಾರಿಯನ್ನೂ ಇಟ್ಟು ಉಡುಪು ಹೊಲಿಯಿತು. ಮುಂದೆ ಹಾಡು, ಕ್ಯಾಮೆರಾ, ಗಡಿಯಾರ ಎಲ್ಲವೂ ಒಂದೇ ಫೋನಿಗೆ ಸೇರಿದ್ದರಿಂದ ಅಷ್ಟು ಜೇಬುಗಳ ಅಗತ್ಯವೇ ಕಡಿಮೆಯಾಯಿತು.

ಆದರೆ ಆ ಒಂದು ಫೋನಿಗಾದರೂ ಎಲ್ಲರ ಉಡುಪಿನಲ್ಲಿ ಜಾಗವಿದೆಯೇ? ಗಂಡಸಿಗೆ ಅಂಗಿಯಲ್ಲಿ, ಪ್ಯಾಂಟಿನಲ್ಲಿ, ಕಡೆಗೆ ಬನಿಯನ್ನಿನಲ್ಲೂ ಜೇಬುಂಟು. ಸೀರೆಗೆ ಜೇಬಿಲ್ಲ. ಸಂಚಿ ಸೊಂಟ ಬಿಟ್ಟ ಮೇಲೆ ಹೆಣ್ಣುಮಕ್ಕಳಿಗೆ ಉಳಿದದ್ದು ಸೆರಗಿನ ಗಂಟು, ಕೈಯ ಪರ್ಸು. ಹೊಲಕ್ಕೋ ಸಂತೆಗೋ ಹೋಗುವಾಕೆ ಫೋನನ್ನು ಕೈಯಲ್ಲೇ ಹಿಡಿದರೆ ಒಂದು ಕೈಯ ಕೆಲಸ ನಿಂತಂತೆಯೇ. ಆದ್ದರಿಂದಲೇ ಲಂಗಕ್ಕೊಂದು ಜೇಬು ಇಡಿಸಿಕೊಳ್ಳುವವರಿದ್ದಾರೆ. ಇದು ಯಾವ ಕಂಪನಿಯ ಶೋಧವೂ ಅಲ್ಲ, ಹಳೆಯ ಸಂಚಿಯೇ ಮರಳಿ ಬಂದ ರೀತಿ.

ದಾವಣಗೆರೆಯ ಹಳೆಯ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿವೆ. ಹರಿಹರದ ಲೇತ್ ಕಾರ್ಖಾನೆಯೂ ನಿಂತಿದೆ. ನೂಲಿನ ಕಸುಬು, ಯಂತ್ರದ ಕಸುಬು ಎರಡನ್ನೂ ಬಲ್ಲ ಈ ಸೀಮೆಯಲ್ಲಿ ಹೊಸ ಉಡುಪಿನ ಮಾತೆದ್ದರೆ, ಮೊದಲು ಕೇಳಬೇಕಾದದ್ದು ಎಷ್ಟು ಜೇಬು ಎಂದಲ್ಲ, ಯಾರಿಗೆ ಜೇಬು ಎಂದು.