ಆಸ್ತಿ ಭದ್ರತೆ ಇಲ್ಲದ ಉದ್ಯಮಶೀಲರು ಮತ್ತು ಮೂಲ ಬಂಡವಾಳ

ಹೊಸ ಉದ್ದಿಮೆ ಸ್ಥಾಪಿಸಬಯಸುವವರಿಗೆ ಎದುರಾಗುವ ಪ್ರಥಮ ಅಡಚಣೆ ಮೂಲ ಬಂಡವಾಳದ ಕೊರತೆಯಾಗಿರುತ್ತದೆ. ಕೌಶಲ್ಯವಿದ್ದರೂ ಅಡಮಾನವಿಡಲು ಜಮೀನು ಅಥವಾ ಮನೆ ಇಲ್ಲದ ಕಾರಣ ಅನೇಕರಿಗೆ ಸಾಲ ದೊರೆಯದೆ ಹೋಗುವುದುಂಟು.

ನಿದರ್ಶನ:
ಶ್ರೀಮತಿ ಕಿರಣ್ ಮಜುಂದಾರ್ ಶಾ ಅವರು 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ರೂ. 10,000 ಬಂಡವಾಳದೊಂದಿಗೆ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಚಿಕ್ಕ ವಯಸ್ಸಿನ ಮಹಿಳೆ ಹಾಗೂ ಅಪರಿಚಿತ ತಂತ್ರಜ್ಞಾನ ಎಂಬ ಕಾರಣಗಳಿಂದ ಬ್ಯಾಂಕುಗಳು ಸಾಲ ನೀಡಲು ಹಿಂಜರಿದವು. ಪರಂಗಿ ಕಾಯಿಯ ಹಾಲಿನಿಂದ ದೊರೆಯುವ ಪಪೇನ್ ಕಿಣ್ವದ ತಯಾರಿಕೆಯಿಂದ ಮೊದಲಾದ ಈ ಸಂಸ್ಥೆಯು 2004ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು.

ಸಾಲ ಖಾತರಿ:
ಇಂತಹ ಅಡಚಣೆಯನ್ನು ನಿವಾರಿಸುವ ಸಲುವಾಗಿ ಭಾರತ ಸರ್ಕಾರ ಹಾಗೂ ಭಾರತೀಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ (ಸಿಡ್ಬಿ) 2000ದಲ್ಲಿ ಸಾಲ ಖಾತರಿ ನಿಧಿ ನ್ಯಾಸವನ್ನು ಸ್ಥಾಪಿಸಿದವು. ಆಸ್ತಿ ಭದ್ರತೆ ಪಡೆಯದೆ ನೀಡಿದ ಸಾಲಕ್ಕೆ ಬ್ಯಾಂಕು ಈ ಖಾತರಿ ಪಡೆದಿದ್ದು, ಸಾಲ ವಸೂಲಾಗದಿದ್ದಲ್ಲಿ, ನಷ್ಟದ ನಿಗದಿತ ಭಾಗವನ್ನು ನ್ಯಾಸವು ಬ್ಯಾಂಕಿಗೆ ಭರಿಸುತ್ತದೆ.

ಮುದ್ರಾ ಯೋಜನೆ:
2015ರಲ್ಲಿ ಆರಂಭವಾದ ಈ ಯೋಜನೆಯಡಿ ಭದ್ರತೆರಹಿತ ಸಾಲಕ್ಕೆ ಮೂರು ವರ್ಗಗಳನ್ನು ರಚಿಸಲಾಯಿತು.
1. ಶಿಶು: ರೂ. 50,000ದವರೆಗೆ
2. ಕಿಶೋರ: ರೂ. 50,000ಕ್ಕೆ ಮೇಲ್ಪಟ್ಟು 5 ಲಕ್ಷದವರೆಗೆ
3. ತರುಣ: ರೂ. 5 ಲಕ್ಷಕ್ಕೆ ಮೇಲ್ಪಟ್ಟು 10 ಲಕ್ಷದವರೆಗೆ
ತರುಣ ವರ್ಗದ ಸಾಲವನ್ನು ಸಮರ್ಪಕವಾಗಿ ಮರುಪಾವತಿಸಿದವರಿಗೆ 2024ರಲ್ಲಿ ಈ ಮಿತಿಯನ್ನು ರೂ. 20 ಲಕ್ಷಕ್ಕೆ ಹೆಚ್ಚಿಸಲಾಯಿತು.

ಗಮನಿಸಬೇಕಾದ ಅಂಶ:
ಖಾತರಿಯು ಬ್ಯಾಂಕಿಗೆ ದೊರೆಯುವ ರಕ್ಷಣೆಯೇ ಹೊರತು ಸಾಲಗಾರರಿಗೆ ನೀಡುವ ಸಹಾಯಧನವಲ್ಲ. ಅಸಲು ಮತ್ತು ಬಡ್ಡಿಯ ಮರುಪಾವತಿ ಉದ್ದಿಮೆದಾರರದೇ ಹೊಣೆ. ಆದುದರಿಂದ ಯೋಜನಾ ವರದಿಯಲ್ಲಿ ಯಂತ್ರೋಪಕರಣಗಳ ವೆಚ್ಚದೊಂದಿಗೆ, ಮಾರಾಟದ ಹಣ ಕೈಸೇರುವವರೆಗೆ ಬೇಕಾಗುವ ದುಡಿಯುವ ಬಂಡವಾಳವನ್ನೂ ಲೆಕ್ಕ ಹಾಕಿ ನಮೂದಿಸುವುದು ಅವಶ್ಯಕ.