ಕಣ್ಣಿಗೆ ಕಂಡಿತು, ಹುಡುಕಿದರೆ ಸಿಗಲಿಲ್ಲ

‘ಕನ್ನಡ’ ಎಂಬ ಪದ ಇಪ್ಪತ್ತೈದು ವರ್ಷಗಳ ಹಿಂದೆ ಕಂಪ್ಯೂಟರಿನ ಹೊಟ್ಟೆಯೊಳಗೆ ಹೇಗೆ ಕೂತಿತ್ತು? ಮೊದಲು ಇಂಗ್ಲಿಷಿನ ದೊಡ್ಡ ಪಿ. ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ. ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೊಂದು ಗೆರೆಯ ಎ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೆರೆಯ ಎ. ಒಟ್ಟು ಏಳು ಗುರುತು. ನುಡಿ ಅಥವಾ ಬರಹದ ಹಳೆಯ ಫಾಂಟ್ ಹಾಕಿದರೆ ಇವೇ ಏಳು ಸೇರಿ ಮುದ್ದಾದ ‘ಕನ್ನಡ’ ಕಾಣುತ್ತಿತ್ತು. ಫಾಂಟ್ ತೆಗೆದರೆ ಏಳೂ ತಮ್ಮ ಅಸಲಿ ವೇಷಕ್ಕೆ ಮರಳುತ್ತಿದ್ದವು.

ಒಳಗಿನ ಲೆಕ್ಕ ಹೀಗಿತ್ತು. ದೊಡ್ಡ ಪಿ ಇರಬೇಕಾದ ಜಾಗದಲ್ಲಿ ತಲೆಕಟ್ಟಿಲ್ಲದ ಕಕಾರದ ಒಡಲು. ಗೆರೆಯ ಎ ಇರುವಲ್ಲಿ ಬರೀ ತಲೆಕಟ್ಟು. ಪೌಂಡ್ ಚಿಹ್ನೆ ಎಂದರೆ ನಕಾರದ ಒಡಲು, ಜೋಡಿ ಎಸ್ ಎಂದರೆ ನಕಾರದ ಒತ್ತು. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸವೇ ಇದು, ಮೊಳೆಯ ಬದಲು ಸಂಖ್ಯೆ ಅಷ್ಟೆ. ಆಗಿನ ಫಾಂಟಿನಲ್ಲಿ ಇದ್ದದ್ದು 256 ಮನೆ. ಅದರಲ್ಲಿ ಅರ್ಧ ಇಂಗ್ಲಿಷಿನದು, ಉಳಿದರ್ಧ ಯುರೋಪಿನ ಗೆರೆ-ಚುಕ್ಕೆಯ ಅಕ್ಷರಗಳದು. ಅಷ್ಟರಲ್ಲೇ ಕನ್ನಡದ ಸ್ವರ, ವ್ಯಂಜನ, ಗುಣಿತ, ಒತ್ತು ಎಲ್ಲವನ್ನೂ ತುಂಡು ತುಂಡಾಗಿ ಇಳಿಸಬೇಕಿತ್ತು.

ಬೇರೆ ದಾರಿ ಇರಲಿಲ್ಲವೆಂದಲ್ಲ. ಭಾರತೀಯ ಲಿಪಿಗಳನ್ನು ಧ್ವನಿಯ ಆಧಾರದ ಮೇಲೆ ಸಂಕೇತಿಸುವ ‘ಇಸ್ಕಿ’ ಎಂಬ ಮಾನಕವನ್ನು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಅಂಗೀಕರಿಸಿತ್ತು. ಪುಣೆಯ ಸಿ-ಡ್ಯಾಕ್ ಅದನ್ನು ಬಳಸುವ ತಂತ್ರಾಂಶಗಳನ್ನು ಕೊಡುತ್ತಿತ್ತು. ಅದೇ ವರ್ಷ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡವಿತ್ತು, ಅದರ ಭಾರತೀಯ ಲಿಪಿಗಳ ವಿನ್ಯಾಸಕ್ಕೆ ಇಸ್ಕಿಯ 1988ರ ರೂಪವೇ ಆಧಾರ. ಕೊರತೆ ಇದ್ದದ್ದು ಇನ್ನೊಂದು ಕಡೆ. ಧ್ವನಿಗಳನ್ನು ಸಾಲಾಗಿ ಕೊಟ್ಟರೆ ಒತ್ತಕ್ಷರವನ್ನು ತಾನೇ ಕಟ್ಟಿ ತೋರಿಸುವ ಬುದ್ಧಿ ವಿಂಡೋಸ್‌ಗೂ ಇರಲಿಲ್ಲ, ಬ್ರೌಸರಿಗೂ ಇರಲಿಲ್ಲ.

ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ‘ವಿಶ್ವಕನ್ನಡ’ ಬಂತು, ಕನ್ನಡದ ಮೊದಲ ಅಂತರಜಾಲ ಪತ್ರಿಕೆ. ಅದನ್ನು ಶುರುಮಾಡಿದ ಯು.ಬಿ. ಪವನಜ ಆಗ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ. ಕನ್ನಡದ ಡಿಜಿಟಲ್ ಚರಿತ್ರೆಯನ್ನು ಬೆಂಗಳೂರಿನಿಂದಷ್ಟೇ ಬರೆಯುವವರು ಮುಂಬೈ, ಪುಣೆಗಳನ್ನು ಸುಲಭವಾಗಿ ಮರೆಯುತ್ತಾರೆ. ಕನ್ನಡದ ಡಿಟಿಪಿ ಅಂಗಡಿಗಳನ್ನು ವರ್ಷಗಟ್ಟಲೆ ಸಾಕಿದ ‘ಶ್ರೀಲಿಪಿ’ ಕೂಡ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನದು.

ಆಗ ಜಾಲತಾಣ ಮಾಡಹೊರಟ ಕನ್ನಡಿಗನ ಮುಂದೆ ಎರಡು ಆಯ್ಕೆ. ಪುಟವನ್ನೇ ಚಿತ್ರವಾಗಿ ಹಾಕುವುದು ಒಂದು. ಸೆಕೆಂಡಿಗೆ 28.8 ಕಿಲೋಬಿಟ್ ಎಳೆಯುವ ಮೋಡೆಮ್ಮಿನಲ್ಲಿ ನೂರು ಕಿಲೋಬೈಟಿನ ಒಂದು ಚಿತ್ರ ಇಳಿಯಲು ಅರ್ಧ ನಿಮಿಷ ಬೇಕು, ಅದೂ ಫೋನ್ ಲೈನು ಸರಿಯಿದ್ದರೆ. ಎರಡನೆಯದು, ‘ಮೊದಲು ಈ ಫಾಂಟ್ ಇಳಿಸಿಕೊಳ್ಳಿ’ ಎಂದು ಓದುಗನಿಗೆ ಹೇಳುವುದು. 1997ರಲ್ಲಿ ನೆಟ್‌ಸ್ಕೇಪಿನ ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ನಾಲ್ಕನೆಯ ಆವೃತ್ತಿಗಳು ಮೂರನೆಯ ದಾರಿ ತೆರೆದವು. ಪುಟದ ಜೊತೆಗೇ ಫಾಂಟ್ ಇಳಿದುಬರುತ್ತದೆ, ಓದುಗ ಏನೂ ಮಾಡಬೇಕಿಲ್ಲ. ಇದಕ್ಕೆ ಡೈನಮಿಕ್ ಫಾಂಟ್ ಎಂದು ಹೆಸರು. ಎರಡು ಬ್ರೌಸರುಗಳ ವಿಧಾನ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಆಗದು. ಆದರೂ ದೆಹಲಿಯ ಆಫೀಸಿನಲ್ಲಿ ಕೂತವರಿಗೆ ಕನ್ನಡ ಪುಟ ಒಂದೇ ಕ್ಲಿಕ್ಕಿಗೆ ತೆರೆದುಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ರೂಪಿಸಿದ, ಮುಂದೆ ಸರ್ಕಾರವೂ ಮಾನ್ಯ ಮಾಡಿದ ಕೀಲಿಮಣೆ ವಿನ್ಯಾಸ ಪೂರ್ತಿ ಧ್ವನಿಯ ಕ್ರಮದ್ದು. ‘ಕನ್ನಡ’ ಬರೆಯಲು ಒತ್ತಬೇಕಾದ್ದು ಕ, ನ, ಹಲಂತ, ನ, ಡ. ಐದೇ ಕೀಲಿ. ಯೂನಿಕೋಡಿನಲ್ಲೂ ಈ ಪದಕ್ಕೆ ಇವೇ ಐದು ಸಂಕೇತ, ಇದೇ ಕ್ರಮ. ಅಂದರೆ ಬರೆಯುವವನ ಬೆರಳು ಭಾಷೆಯನ್ನೇ ಬರೆಯುತ್ತಿತ್ತು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಬಿಡುಗಡೆ ಮಾಡಿದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದಾಗಿ ಸಾವಿರಾರು ಜನ ಕನ್ನಡ ಟೈಪು ಮಾಡಲು ಕಲಿತರು. ಆದರೆ ಕಡತದಲ್ಲಿ ಉಳಿಯುತ್ತಿದ್ದದ್ದು ಆ ಐದು ಧ್ವನಿಯಲ್ಲ, ಏಳು ಚೂರು ಆಕಾರ.

ಈ ನಷ್ಟ ಗೊತ್ತಾದದ್ದು ಸರ್ಚ್ ಎಂಜಿನ್ ಬಂದ ಮೇಲೆ. ಗೂಗಲ್ ಪುಟಗಳನ್ನು ನೋಡುವುದಿಲ್ಲ, ಅವುಗಳ ಹಿಂದಿನ ಸಂಕೇತಗಳನ್ನು ಓದುತ್ತದೆ. ಅದರ ಪಾಲಿಗೆ ಕನ್ನಡದ ಕಥೆ, ಸಂದರ್ಶನ, ಅಡುಗೆ ಅಂಕಣಗಳೆಲ್ಲ ಪೌಂಡ್ ಚಿಹ್ನೆ ತುಂಬಿದ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು. ಅದೇ ಕಸವನ್ನು ಹುಡುಕಾಟದ ಪೆಟ್ಟಿಗೆಗೆ ಹಾಕಿ ನೋಡಿದರೂ ಉಪಯೋಗ ಅಷ್ಟಕ್ಕಷ್ಟೆ. ಒಂದು ತಾಣದ ಫಾಂಟಿನಲ್ಲಿ ಕಕಾರದ ಮನೆ ಒಂದಾದರೆ ಇನ್ನೊಂದರಲ್ಲಿ ಮತ್ತೊಂದು. ಓದುಗ ವಿಳಾಸ ಬಾಯಿಪಾಠ ಮಾಡಿಕೊಂಡು ಬರಬೇಕಿತ್ತು, ಇಲ್ಲವೇ ಸ್ನೇಹಿತರು ಇಮೇಲ್‌ನಲ್ಲಿ ಕೊಂಡಿ ಕಳಿಸಬೇಕಿತ್ತು.

ಹಣದ ಮಾತೂ ಇದಕ್ಕೇ ಅಂಟಿಕೊಂಡಿದೆ. ಗೂಗಲ್ 2003ರಲ್ಲಿ ತಂದ ಆಡ್‌ಸೆನ್ಸ್, ಪುಟದ ಪದಗಳನ್ನು ಓದಿ ಅದಕ್ಕೆ ಹೊಂದುವ ಜಾಹೀರಾತು ಹಾಕಿ ತಾಣದ ಒಡೆಯನಿಗೆ ಪಾಲು ಕೊಡುತ್ತಿತ್ತು. ಇಂಗ್ಲಿಷಿನಲ್ಲಿ ಒಬ್ಬಂಟಿ ಬ್ಲಾಗಿಗರೂ ಇದರಿಂದ ಸಂಪಾದಿಸಿದರು. ಪದವೇ ಇಲ್ಲದ ಪುಟಕ್ಕೆ ಏನು ಹೊಂದಿಸುವುದು? ಅದು ಅಧಿಕೃತವಾಗಿ ಒಪ್ಪಿಕೊಂಡ ಮೊದಲ ಭಾರತೀಯ ಭಾಷೆ ಹಿಂದಿ, ಅದೂ 2014ರ ಡಿಸೆಂಬರಿನಲ್ಲಿ. ಕನ್ನಡದ ಆರಂಭದ ತಾಣಗಳು ಹೆಚ್ಚಾಗಿ ಕೈಯಿಂದ ಖರ್ಚು ಮಾಡುವವರ ಪ್ರೀತಿಯ ಮೇಲೆ ನಿಂತಿದ್ದಕ್ಕೆ ಇದೂ ಒಂದು ಕಾರಣ.

2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕನ್ನಡ ಯೂನಿಕೋಡನ್ನು ಕಟ್ಟಿ ತೋರಿಸಬಲ್ಲದಾಗಿತ್ತು, ‘ತುಂಗಾ’ ಎಂಬ ಫಾಂಟೂ ಜೊತೆಗಿತ್ತು. ಅಲ್ಲಿಗೆ ಕಷ್ಟ ತೀರಬೇಕಿತ್ತು. ಆದರೆ ಆ ಸೌಲಭ್ಯ ತಾನಾಗಿ ಜಾಗೃತವಾಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಕ್ಲಿಷ್ಟ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಿ, ಕೇಳಿದಾಗ ಎಕ್ಸ್‌ಪಿಯ ಸಿ.ಡಿ. ತೂರಿಸಬೇಕಿತ್ತು. ಮನೆಯಲ್ಲಿ ಆ ಸಿ.ಡಿ. ಯಾರ ಬಳಿ ಇತ್ತು? ಸೈಬರ್ ಕೆಫೆಗಳಲ್ಲಿ ಇನ್ನೂ ವಿಂಡೋಸ್ 98 ಓಡುತ್ತಿತ್ತು. ಕನ್ನಡದ ನುಕ್ತಾ, ಅವಗ್ರಹ ಚಿಹ್ನೆಗಳು ಯೂನಿಕೋಡಿಗೆ ಸೇರಿದ್ದೇ 2003ರಲ್ಲಿ. ಜಾಲಪುಟಗಳ ವಿನ್ಯಾಸಕರಿಗೆ ಇನ್ನೊಂದು ತಕರಾರು, ತೂಕದ್ದು. ಹಳೆಯ ಲೆಕ್ಕದಲ್ಲಿ ಏಳು ಬೈಟಿನಲ್ಲಿ ಮುಗಿಯುತ್ತಿದ್ದ ‘ಕನ್ನಡ’ ಯುಟಿಎಫ್-8ರಲ್ಲಿ ಹದಿನೈದು ಬೈಟು ತಿನ್ನುತ್ತದೆ.

ಹೀಗಿರುವಾಗ ಆರಂಭದ ತಾಣಗಳನ್ನು ದೂರುವುದು ಅನ್ಯಾಯ. ಆದರೆ 2005ರ ನಂತರವೂ ಸ್ವಂತ ಫಾಂಟಿಗೇ ಜೋತುಬಿದ್ದ ದೊಡ್ಡ ತಾಣಗಳ ಬಗ್ಗೆ ಅಷ್ಟು ಉದಾರವಾಗಿರಲು ಆಗುವುದಿಲ್ಲ. ಅಷ್ಟರಲ್ಲಿ ಕನ್ನಡ ವಿಕಿಪೀಡಿಯ ಶುರುವಾಗಿ ಎರಡು ವರ್ಷ ಕಳೆದಿತ್ತು, ಹರಿಪ್ರಸಾದ್ ನಾಡಿಗರ ‘ಸಂಪದ’ ಯೂನಿಕೋಡಿನಲ್ಲೇ ಹುಟ್ಟಿತ್ತು. ಸಂಬಳವಿಲ್ಲದ ಹವ್ಯಾಸಿಗಳು ಬರೆದದ್ದು ಗೂಗಲ್‌ನಲ್ಲಿ ಸಿಗುತ್ತಿತ್ತು, ಫಾಂಟಿಗೆ ಅಂಟಿಕೊಂಡವರದ್ದು ಸಿಗುತ್ತಿರಲಿಲ್ಲ. ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಯೂನಿಕೋಡ್ ಮಾನಕವೆಂದು ಘೋಷಿಸಿದ್ದು 2009ರಲ್ಲಿ.

ಮೊಬೈಲಿನಲ್ಲಿ ಇದೇ ನಾಟಕದ ಮರುಪ್ರದರ್ಶನ ನಡೆಯಿತು. ಕನ್ನಡ ಪುಟ ತೆರೆದರೆ ಸಾಲು ಸಾಲು ಖಾಲಿ ಚೌಕ. ಬಲ್ಲವರು ಒಪೇರಾ ಮಿನಿಯ ಒಳಸೆಟ್ಟಿಂಗಿಗೆ ಹೋಗಿ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಬಳಸು ಎಂಬಲ್ಲಿ ‘ಯೆಸ್’ ಒತ್ತುತ್ತಿದ್ದರು. ಆಗ ಕಂಪನಿಯ ಸರ್ವರೇ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು, 1996ರ ಉಪಾಯವೇ. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ನೆಟ್ಟಗಾಯಿತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಆ ವರ್ಷ ಭಾರತೀಯ ಭಾಷೆಗಳಲ್ಲಿ ಇಂಟರ್‌ನೆಟ್ ಬಳಸುವವರು 23.4 ಕೋಟಿ, ಇಂಗ್ಲಿಷಿನಲ್ಲಿ ಬಳಸುವವರು 17.5 ಕೋಟಿ ಎಂದು ಕೆಪಿಎಂಜಿ ಮತ್ತು ಗೂಗಲ್ ಸೇರಿ ತಂದ ವರದಿ ಹೇಳಿದ ಮೇಲೆ ಜಾಹೀರಾತಿನವರಿಗೂ ಕನ್ನಡ ನೆನಪಾಯಿತು.

ಈಗ ಪುಟದ ಜೊತೆ ಫಾಂಟ್ ಕಳಿಸುವುದು ಮಾಮೂಲು. ಮುಂಬೈಯ ಏಕ್ ಟೈಪ್ ರೂಪಿಸಿದ ‘ಬಾಲೂ ತಮ್ಮ’ದಂಥ ದುಂಡು ಅಕ್ಷರವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಫಾಂಟ್ ಬದಲಾದರೂ ಹಿಂದಿನ ಐದು ಸಂಕೇತ ಬದಲಾಗುವುದಿಲ್ಲ.

ಹಳೆಯದರ ಕಥೆ ಬೇರೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿರಲಿಲ್ಲವಾದ್ದರಿಂದ ಪುಸ್ತಕೋದ್ಯಮ ಬಹಳ ಕಾಲ ಆ ಏಳು ಚೂರುಗಳಲ್ಲೇ ಉಳಿಯಿತು. ಪ್ರಕಾಶಕರ ಕಪಾಟಿನ ಸಿ.ಡಿ.ಗಳಲ್ಲಿ, ನಿಂತುಹೋದ ತಾಣಗಳ ಪ್ರತಿಗಳಲ್ಲಿ ಅವು ಇನ್ನೂ ಇವೆ. ಪರಿವರ್ತಕ ತಂತ್ರಾಂಶಗಳನ್ನು ಉತ್ಸಾಹಿಗಳು ಬರೆದು ಹಂಚಿದ್ದಾರೆ. ಆದರೆ ಯಾವ ಫಾಂಟಿನಲ್ಲಿ ಬರೆದದ್ದು ಎಂದು ಮೊದಲು ತಿಳಿದಿರಬೇಕು. ಕನ್ನಡದ ನಡುವೆ ಒಂದು ಇಂಗ್ಲಿಷ್ ವಿಳಾಸ ಬಂತೆನ್ನಿ, ಬರೀ ಪಠ್ಯವನ್ನು ಎತ್ತಿಕೊಟ್ಟರೆ ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಬರೆದ ಪುಣೆಯ ಮೊದಲಕ್ಷರವನ್ನೂ ಅದು ಕಕಾರದ ಒಡಲೆಂದೇ ಓದುತ್ತದೆ. ಯಾರಾದರೂ ಕೂತು, ಪುಟ ಪುಟವನ್ನೂ ಕಣ್ಣಿಟ್ಟು ತಿದ್ದಬೇಕು.