ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್: ಪ್ಲಗ್, ಇನ್‌ವರ್ಟರ್ ಮತ್ತು ಬೆಂಕಿಯ ಎಚ್ಚರ

ಆಕ್ಸಿಜನ್ ಕಾನ್ಸಂಟ್ರೇಟರ್ ಎಂದರೆ ಕೋಣೆಯ ಗಾಳಿಯಿಂದ ಸಾರಜನಕವನ್ನು ಬೇರ್ಪಡಿಸಿ, ಉಳಿದ ಆಮ್ಲಜನಕವನ್ನು ಮೂಗಿನ ನಳಿಕೆಗೆ ಕಳಿಸುವ ಯಂತ್ರ. ಸಿಲಿಂಡರ್‌ನಂತೆ ಇದರಲ್ಲಿ ಸಂಗ್ರಹ ಇರುವುದಿಲ್ಲ. ಕರೆಂಟ್ ಹೋದ ಕ್ಷಣ ಆಮ್ಲಜನಕವೂ ನಿಲ್ಲುತ್ತದೆ. ಔಷಧದ ಅಂಗಡಿಗೆ ಬರುವವರು ನಳಿಕೆ, ಮಾಸ್ಕ್‌ಗಳ ಬಗ್ಗೆ ವಿವರವಾಗಿ ಕೇಳುತ್ತಾರೆ. ಪ್ಲಗ್ ಎಲ್ಲಿ ಹಾಕಬೇಕು ಎಂದು ಕೇಳುವವರು ಅಪರೂಪ.

ಯಾವ ಸಾಕೆಟ್‌ಗೆ?

ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರ ಸಾಮಾನ್ಯವಾಗಿ 300ರಿಂದ 400 ವ್ಯಾಟ್ ಎಳೆಯುತ್ತದೆ, 10 ಲೀಟರಿನದು ಸುಮಾರು 600 ವ್ಯಾಟ್. ನಿಖರ ಅಂಕಿ ಯಂತ್ರದ ಹಿಂಬದಿಯ ಚೀಟಿಯಲ್ಲಿರುತ್ತದೆ. ನಮ್ಮ 230 ವೋಲ್ಟ್ ಲೈನಿನಲ್ಲಿ 350 ವ್ಯಾಟ್ ಎಂದರೆ ಒಂದೂವರೆ ಆಂಪಿಯರ್ ಮಾತ್ರ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಹಾಗಾದರೆ ಚಿಂತೆ ಏಕೆ? ಗೀಸರ್ ಓಡುವುದು ಹತ್ತಿಪ್ಪತ್ತು ನಿಮಿಷ, ಈ ಯಂತ್ರ ಗಂಟೆಗಟ್ಟಲೆ ಓಡುತ್ತದೆ. ಪ್ಲಗ್ ಸ್ವಲ್ಪ ಸಡಿಲವಿದ್ದರೂ ಅಲ್ಲಿ ಬಿಸಿ ಏರುತ್ತಲೇ ಹೋಗುತ್ತದೆ.

ಆದ್ದರಿಂದ ಗೋಡೆಯ ಮೂರು ಪಿನ್ನಿನ ಸಾಕೆಟ್‌ಗೇ ನೇರವಾಗಿ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಅರ್ಥ್ ಪಿನ್ ತಪ್ಪಿಸುವ ಎರಡು ಪಿನ್ನಿನ ಅಡಾಪ್ಟರ್ ಅಂತೂ ಬೇಡವೇ ಬೇಡ. ಇಸ್ತ್ರಿಪೆಟ್ಟಿಗೆ ಅಥವಾ ಎಸಿ ಇರುವ ಲೈನಿಗೇ ಇದನ್ನೂ ಹಾಕಿದರೆ, ಅವುಗಳಿಂದ ಎಂಸಿಬಿ ಬಿದ್ದಾಗ ನಿಮ್ಮ ರೋಗಿಯ ಆಮ್ಲಜನಕವೂ ನಿಲ್ಲುತ್ತದೆ. ಹಳೆಯ ಬಾಡಿಗೆ ಫ್ಲಾಟ್ ಆಗಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ನೋಡಿಸಿ. ಮೊದಲ ದಿನ ಒಂದು ಗಂಟೆ ಓಡಿಸಿ ಪ್ಲಗ್ ಮುಟ್ಟಿ ನೋಡಿ: ಕೈಗೆ ಬಿಸಿ ಹತ್ತಿದರೆ ಸಾಕೆಟ್ ಬದಲಾಯಿಸಬೇಕು. ಗಾಳಿಯಾಡಲು ಯಂತ್ರವನ್ನು ಗೋಡೆ, ಪರದೆಗಳಿಂದ ಸುಮಾರು ಒಂದು ಅಡಿ ದೂರ ಇಡಿ.

ಕರೆಂಟ್ ಹೋದರೆ?

ಮುಂಬೈ ಮಳೆ, ಚೆನ್ನೈ ಚಂಡಮಾರುತ ಎರಡನ್ನೂ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯ ಮನೆಯ ಇನ್‌ವರ್ಟರ್, ಬ್ಯಾಟರಿ ಹೊಸದಿದ್ದರೆ, 350 ವ್ಯಾಟಿನ ಯಂತ್ರವನ್ನು ಸುಮಾರು 3 ಗಂಟೆ ಓಡಿಸೀತು. ಫ್ಯಾನ್, ಟಿವಿ ಸೇರಿದರೆ ಇನ್ನೂ ಕಡಿಮೆ. ಕಂಪ್ರೆಸರ್ ಶುರುವಾಗುವಾಗ ಹೆಚ್ಚು ಕರೆಂಟ್ ಬೇಕಾಗುವುದರಿಂದ ಪ್ಯೂರ್ ಸೈನ್ ವೇವ್ ಇನ್‌ವರ್ಟರ್ ಆಗಿರಲಿ. ಕರೆಂಟ್ ಇರುವಾಗಲೇ ಮೇನ್ ಆಫ್ ಮಾಡಿ ಒಮ್ಮೆ ಪರೀಕ್ಷಿಸಿ, ಆಗ ಮನೆಯಲ್ಲಿ ಸಿಲಿಂಡರ್ ಸಿದ್ಧವಿರಲಿ.

ಇನ್‌ವರ್ಟರ್ ಇದ್ದರೂ ತುಂಬಿದ ಸಿಲಿಂಡರ್ ಒಂದು ಇರಲೇಬೇಕು. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಸುಮಾರು 12 ಗಂಟೆ ಬರುತ್ತದೆ. ಅದನ್ನು ತೆರೆಯುವ ಕೀಲಿ ಮತ್ತು ರೆಗ್ಯುಲೇಟರ್ ಸಿಲಿಂಡರ್ ಪಕ್ಕದಲ್ಲೇ ಇರಲಿ. ಬದಲಿಸುವುದನ್ನು ಮನೆಯ ಇಬ್ಬರಾದರೂ ಕಲಿತಿರಲಿ, ಕತ್ತಲಲ್ಲೂ ಮಾಡಲು ಬರಬೇಕು. ಗಾಬರಿಯಲ್ಲಿ ಫ್ಲೋ ಹೆಚ್ಚಿಸಬೇಡಿ: ಸಿಒಪಿಡಿ ಇರುವ ಕೆಲವರಿಗೆ ಅತಿಯಾದ ಆಮ್ಲಜನಕವೂ ಅಪಾಯ. ಉಸಿರಾಟ ಕಷ್ಟವಾದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ 108 ಅಥವಾ 112ಕ್ಕೆ ಕರೆ ಮಾಡಿ.

ಬಿಲ್ಲಿನ ಲೆಕ್ಕ

350 ವ್ಯಾಟಿನ ಯಂತ್ರ ದಿನಕ್ಕೆ 15 ಗಂಟೆ ಓಡಿದರೆ ಸುಮಾರು ಐದೂಕಾಲು ಯೂನಿಟ್, ತಿಂಗಳಿಗೆ 157ರಷ್ಟು. ಭಾರವೇ ಸರಿ. ಹಾಗೆಂದು ‘ಈಗ ಚೆನ್ನಾಗಿದ್ದಾರಲ್ಲ’ ಎಂದು ರಾತ್ರಿ ಆಫ್ ಮಾಡಬೇಡಿ. ಸಿಒಪಿಡಿಗೆ ದೀರ್ಘಕಾಲದ ಆಮ್ಲಜನಕ ಬರೆದುಕೊಟ್ಟಾಗ ದಿನಕ್ಕೆ ಕನಿಷ್ಠ 15 ಗಂಟೆ ಎಂದು ಹೇಳುವುದು ಸುಮ್ಮನಲ್ಲ, ಅದಕ್ಕಿಂತ ಕಡಿಮೆಯಾದರೆ ನಿರೀಕ್ಷಿಸಿದ ಲಾಭ ಸಿಗುವುದಿಲ್ಲ. ಖರ್ಚಿನ ತೊಂದರೆಯಿದ್ದರೆ ವೈದ್ಯರಿಗೆ ನೇರವಾಗಿ ಹೇಳಿ.

ದೀಪ, ಊದಿನಕಡ್ಡಿ, ಬಾಮ್

ಆಮ್ಲಜನಕ ತಾನು ಉರಿಯುವುದಿಲ್ಲ, ಆದರೆ ಉರಿಯುವುದನ್ನೆಲ್ಲ ಭುಗಿಲೆಬ್ಬಿಸುತ್ತದೆ. ದೇವರ ದೀಪ, ಊದಿನಕಡ್ಡಿ, ಗ್ಯಾಸ್ ಒಲೆ ಕನಿಷ್ಠ 3 ಮೀಟರ್ ದೂರವಿರಲಿ. ಬೀಡಿ, ಸಿಗರೇಟು ಆ ಮನೆಯೊಳಗೇ ಬೇಡ. ಮೂಗು ಒಣಗುತ್ತದೆಂದು ವ್ಯಾಸಲಿನ್, ನೆಗಡಿಯ ಬಾಮ್, ಕೊಬ್ಬರಿ ಎಣ್ಣೆ ಹಚ್ಚುವುದು ನಮ್ಮಲ್ಲಿ ರೂಢಿ. ಆಮ್ಲಜನಕದ ಜೊತೆ ಇವು ಹೊತ್ತಿಕೊಳ್ಳಬಹುದು. ನೀರು ಆಧಾರಿತ ಜೆಲ್ ಕೇಳಿ ಪಡೆಯಿರಿ. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗಿದ ಮೇಲೆ ನಳಿಕೆ ಮುಟ್ಟಿ. ಯಂತ್ರ ಆಫ್ ಮಾಡಿದ ನಂತರವೂ ಸೀರೆ, ಹೊದಿಕೆಗಳಲ್ಲಿ ಆಮ್ಲಜನಕ ಸ್ವಲ್ಪ ಹೊತ್ತು ಉಳಿದಿರುತ್ತದೆ, ಅರ್ಧ ಗಂಟೆ ಕಳೆಯದೆ ರೋಗಿ ಒಲೆಯ ಬಳಿ ಹೋಗಬಾರದು.